ಹ್ಯಾರಿ ರೈಟ್: ಗೆಲುವು ಮತ್ತು ಲೆಕ್ಕಪತ್ರ

ಅಮೆರಿಕದ ಬೇಸ್‌ಬಾಲ್ ಕ್ರೀಡೆಯು ಹವ್ಯಾಸಿಗಳ ಕೈಯಿಂದ ವೃತ್ತಿಪರರ ಕೈಗೆ ಬಂದ ಸಂದರ್ಭದ ಆಯವ್ಯಯವು ವ್ಯಾಪಾರಸ್ಥರ ಅಧ್ಯಯನಕ್ಕೆ ಯೋಗ್ಯವಾದುದು. ಆ ಬದಲಾವಣೆಯ ಪ್ರಮುಖ ರೂವಾರಿ ಹ್ಯಾರಿ ರೈಟ್. 1835ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ಅಮೆರಿಕ ಸೇರಿ, ತಂದೆಯಂತೆ ವೃತ್ತಿಪರ ಕ್ರಿಕೆಟಿಗರಾದರು.

1869ರಲ್ಲಿ ಅವರ ವ್ಯವಸ್ಥಾಪಕತ್ವದ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡವು ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡವೆನಿಸಿತು. ಮಾರ್ಚ್ 15ರಿಂದ ನವೆಂಬರ್ 15ರವರೆಗಿನ ಒಪ್ಪಂದ. ತಮ್ಮ ಜಾರ್ಜ್‌ಗೆ 1,400 ಡಾಲರ್, ಹ್ಯಾರಿಗೆ 1,200. ಒಟ್ಟು ಸಂಬಳದ ಬಾಬ್ತು ಸುಮಾರು 9,300 ಡಾಲರ್. ಪಂದ್ಯಗಳ ನಿಗದಿ, ಪ್ರಯಾಣ, ಸಲಕರಣೆ, ಶಿಸ್ತು ಎಲ್ಲವೂ ರೈಟ್ ಅವರದೇ ಹೊಣೆ. ಹೊಸದಾಗಿ ತೆರೆದಿದ್ದ ರೈಲುಮಾರ್ಗದಲ್ಲಿ ತಂಡವು ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿಬಂದಿತು. ಆ ವರ್ಷದ 57 ಅಧಿಕೃತ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ.

ಇನ್ನು ಲೆಕ್ಕವನ್ನು ನೋಡೋಣ. ಆದಾಯ 29,726.26 ಡಾಲರ್, ವೆಚ್ಚ 29,724.87. ನಿವ್ವಳ ಲಾಭ ಕೇವಲ 1 ಡಾಲರ್ 39 ಸೆಂಟ್! ಸಂಬಳವು ಆದಾಯದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಉಳಿದದ್ದು ಇಷ್ಟೇ. ಮೀಸಲು ನಿಧಿಗೆ ಹಾಕಲು ಏನೂ ಇರಲಿಲ್ಲ. ಸೋಲಿಲ್ಲದ ಕೀರ್ತಿಯೇ ಮಾರಾಟದ ಸರಕಾಗಿತ್ತು; ಅದು ಕೈತಪ್ಪಿದ ದಿನ ಏನೆಂಬ ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಆ ದಿನ 1870ರ ಜೂನ್ 14ರಂದು ಬಂದಿತು. ಬ್ರೂಕ್ಲಿನ್‌ನ ಅಟ್ಲಾಂಟಿಕ್ಸ್ ತಂಡವು 8–7ರಿಂದ ಗೆದ್ದಿತು. ಪ್ರೇಕ್ಷಕರು ಕಡಿಮೆಯಾದರು, ಆಟಗಾರರ ಸಂಬಳದ ಬೇಡಿಕೆ ಮಾತ್ರ ಏರಿತು. ವರ್ಷಾಂತ್ಯಕ್ಕೆ ಆಡಳಿತ ಮಂಡಳಿಯು ಸಂಬಳದ ತಂಡವನ್ನೇ ಕೈಬಿಟ್ಟಿತು.

ರೈಟ್ ಅವರು ತಮ್ಮನ ಸಹಿತ ಕೆಲವರನ್ನು ಕರೆದುಕೊಂಡು ಬಾಸ್ಟನ್‌ಗೆ ತೆರಳಿದರು. ತಂಡದ ಹೆಸರನ್ನೂ ಜೊತೆಗೊಯ್ದರು. (ಹೆಸರಿನ ಬೆಲೆ, ಅಂದರೆ ಗುಡ್‌ವಿಲ್, ಅವರಿಗೆ ಚೆನ್ನಾಗಿ ತಿಳಿದಿತ್ತು.) ಪ್ರವೇಶ ದರ 50 ಸೆಂಟ್‌ಗಿಂತ ಇಳಿಯಕೂಡದೆಂಬುದು ಅವರ ಹಠ: ಒಳ್ಳೆಯ ಆಟಕ್ಕೆ ಜನ ಹಣ ಕೊಟ್ಟೇ ಕೊಡುತ್ತಾರೆ ಎಂಬುದು ಅವರ ಲೆಕ್ಕಾಚಾರ. 1872ರಿಂದ 1875ರವರೆಗೆ ಸತತ ನಾಲ್ಕು ಬಾರಿ, ಬಳಿಕ ನ್ಯಾಷನಲ್ ಲೀಗ್‌ನಲ್ಲಿ 1877 ಮತ್ತು 1878ರಲ್ಲಿ ಬಾಸ್ಟನ್ ಪ್ರಶಸ್ತಿ ಗೆದ್ದಿತು.

ಮುಂದೆ ಪ್ರಾವಿಡೆನ್ಸ್‌ನಲ್ಲಿಯೂ 1884ರಿಂದ 1893ರವರೆಗೆ ಫಿಲಡೆಲ್ಫಿಯಾದಲ್ಲಿಯೂ ದುಡಿದರೂ ಮತ್ತೆ ಪ್ರಶಸ್ತಿ ದೊರೆಯಲಿಲ್ಲ. 1890ರಲ್ಲಿ ಕೆಲವು ತಿಂಗಳು ದೃಷ್ಟಿಯನ್ನೇ ಕಳೆದುಕೊಂಡಿದ್ದರು. 1893ರ ನಂತರ ಫಿಲಡೆಲ್ಫಿಯಾ ಅವರ ಒಪ್ಪಂದವನ್ನು ನವೀಕರಿಸದಿದ್ದಾಗ, ಲೀಗ್ ಅವರಿಗಾಗಿ ಮುಖ್ಯ ಅಂಪೈರ್ ಹುದ್ದೆಯನ್ನು ಸೃಷ್ಟಿಸಿತು. 1895ರ ಅಕ್ಟೋಬರ್ 3ರಂದು ಅವರು ನಿಧನರಾದರು. ಅವರ ಪತ್ರವ್ಯವಹಾರ ಹಾಗೂ ಲೆಕ್ಕದ ಪುಸ್ತಕಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ.