ಗಡಿಯ ಮನೆಗೆ ನೆರವು ತಲುಪುವ ದಾರಿ

ಪ್ರಶ್ನೆ: ನಮ್ಮದು ಅನಮೋಡ. ಕೊರೊನಾ ಲಾಕ್‌ಡೌನ್ ಆದಾಗ ನಮ್ಮ ಮನೆಯವರಿಗೆ ಗೋವಾದಲ್ಲಿದ್ದ ಗಾರೆ ಕೆಲಸ ನಿಂತುಹೋಯಿತು. ಊರಲ್ಲಿ ಕೆಲವರಿಗೆ ಐದು ಸಾವಿರ ಬಂತು, ಕೆಲವು ಹೆಂಗಸರ ಖಾತೆಗೆ ಐನೂರು ಬಂತು. ನಮಗೆ ಸಿಕ್ಕಿದ್ದು ರೇಷನ್ ಅಕ್ಕಿ ಮತ್ತು ಯಾರೋ ಹಂಚಿದ ಒಂದು ಕಿಟ್. ಯಾರಿಗೆ ಯಾಕೆ ಬಂತು, ನಮಗೆ ಯಾಕೆ ಬರಲಿಲ್ಲ ಎಂಬುದು ಈಗಲೂ ಗೊತ್ತಿಲ್ಲ. ಅಂಥ ಕಾಲ ಮತ್ತೆ ಬಂದರೆ ನಮ್ಮಂಥವರು ಮೊದಲು ಎಲ್ಲಿಗೆ ಹೋಗಬೇಕು?
– ಓದುಗರೊಬ್ಬರು, ಅನಮೋಡ, ಜೋಯಿಡಾ ತಾಲ್ಲೂಕು

ಉತ್ತರ: ನಿಮ್ಮ ಮನೆಗೆ ಹಣ ಬಾರದೆ ಇದ್ದದ್ದು ನಿಮ್ಮ ಕಷ್ಟ ಕಡಿಮೆ ಇತ್ತೆಂದಲ್ಲ. ಸರ್ಕಾರದ ನೆರವೆಲ್ಲ ಆಗ ಪಟ್ಟಿ ಹಿಡಿದು ಹೊರಟಿತು. ಯಾವ ಪಟ್ಟಿಯಲ್ಲಿ ಮೊದಲೇ ಹೆಸರಿತ್ತೋ ಆ ಮನೆಗೆ ತಲುಪಿತು, ಇಲ್ಲದ ಮನೆಯನ್ನು ದಾಟಿಕೊಂಡು ಹೋಯಿತು. ಇದನ್ನು ತಿಳಿದುಕೊಂಡರೆ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯಿತು. ಮರುದಿನವೇ ಕೇಂದ್ರ ಸರ್ಕಾರ ಗರೀಬ್ ಕಲ್ಯಾಣ್ ಯೋಜನೆ ಪ್ರಕಟಿಸಿತು. ನೀವು ಹೇಳಿದ ಐನೂರು ರೂಪಾಯಿ ಅದರದ್ದು. ಏಪ್ರಿಲ್‌ನಿಂದ ಜೂನ್‌ವರೆಗೆ ಮೂರು ತಿಂಗಳು, ಹೆಂಗಸರ ಹೆಸರಿನ ಜನಧನ ಖಾತೆಗೆ ಮಾತ್ರ ಅದು ಬಂತು. ಗಂಡನ ಹೆಸರಿನ ಜನಧನ ಖಾತೆಗೂ ಬರಲಿಲ್ಲ, ಹೆಂಡತಿಯದೇ ಆದರೂ ಸಾಮಾನ್ಯ ಉಳಿತಾಯ ಖಾತೆಗೂ ಬರಲಿಲ್ಲ. ಐದು ಸಾವಿರ ರಾಜ್ಯ ಸರ್ಕಾರದ್ದು. 2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿ ಐದು ಸಾವಿರ. ಕಟ್ಟಡ ಕಾರ್ಮಿಕರಿಗೆ ಮೊದಲೇ ಪ್ರಕಟಿಸಿದ್ದ ಎರಡು ಸಾವಿರದ ಮೇಲೆ ಮತ್ತೆ ಮೂರು ಸಾವಿರ. ಆದರೆ ಕಟ್ಟಡ ಕಾರ್ಮಿಕ ಎಂದರೆ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾದವರು. ನಿಮ್ಮ ಮನೆಯವರು ಬೆವರು ಸುರಿಸಿದ್ದು ಘಟ್ಟದ ಕೆಳಗೆ, ಗೋವಾದಲ್ಲಿ. ಇಲ್ಲಿನ ಮಂಡಳಿಯ ಕಾರ್ಡ್ ಅವರ ಬಳಿ ಇಲ್ಲದಿದ್ದರೆ ಅವರು ಕಾರ್ಮಿಕರೆಂದು ಕಾಗದದಲ್ಲಿ ಎಲ್ಲೂ ಇರಲಿಲ್ಲ. 2021ರ ಮೇ 19ರಂದು ಪ್ರಕಟವಾದ ಎರಡನೆಯ ಅಲೆಯ ಪ್ಯಾಕೇಜೂ ಇದೇ ಬಗೆಯದು: ಚಾಲಕರಿಗೆ, ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೂರು ಸಾವಿರ, ದರ್ಜಿ, ಮನೆಗೆಲಸದವರು ಮುಂತಾದ ಅಸಂಘಟಿತರಿಗೆ ಎರಡು ಸಾವಿರ. ಅರ್ಜಿ ಸೇವಾ ಸಿಂಧು ಜಾಲತಾಣದಲ್ಲಿ. ಜೋಯಿಡಾದ ಕಾಡಿನ ಊರುಗಳಲ್ಲಿ ಒಂದು ಫೋನ್ ಕರೆಗೆ ಗುಡ್ಡ ಹತ್ತುವವರಿಗೆ ಜಾಲತಾಣದ ಅರ್ಜಿ ಎಷ್ಟು ದೂರದ ಮಾತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಎಲ್ಲ ನೆರವಿನಲ್ಲಿ ಗಟ್ಟಿಯಾಗಿ ನಿಂತದ್ದು ಪಡಿತರ. ಅಂತ್ಯೋದಯ ಮತ್ತು ಬಿಪಿಎಲ್ ಕಾರ್ಡಿನ ಪ್ರತಿಯೊಬ್ಬರಿಗೂ ಮಾಮೂಲಿ ಪಾಲಿನ ಮೇಲೆ ತಿಂಗಳಿಗೆ 5 ಕಿಲೊ ಧಾನ್ಯ ಉಚಿತವಾಗಿ 2020ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಮತ್ತೆ 2021ರ ಮೇಯಿಂದ 2022ರ ಡಿಸೆಂಬರ್‌ವರೆಗೆ ಸಿಕ್ಕಿತು. ಕಾರ್ಡೇ ಇಲ್ಲದ ವಲಸೆ ಕಾರ್ಮಿಕರಿಗೂ 2020ರ ಮೇ, ಜೂನ್ ಎರಡು ತಿಂಗಳು ಧಾನ್ಯ ಕೊಡುವ ಆದೇಶ ಇತ್ತು. ಕಾರ್ಡಿನ ಮಾಮೂಲಿ ಪಾಲಂತೂ ದಾನವಲ್ಲ, 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಶಾಲೆ ಮುಚ್ಚಿದಾಗ ಅಕ್ಷರ ದಾಸೋಹದ ಬಿಸಿಯೂಟದ ಬದಲು ಅಕ್ಕಿ–ಬೇಳೆ ಮನೆಗೆ ಬಂದದ್ದೂ, ಅಂಗನವಾಡಿಯಿಂದ ಬಸುರಿ–ಬಾಣಂತಿಯರಿಗೆ ಸಾಮಾನು ಬಂದದ್ದೂ ಅದೇ ಹಕ್ಕಿನ ಬಲದಿಂದ.

ಗಡಿಯಲ್ಲಿರುವ ನಿಮಗೆ ಇಲ್ಲಿ ಇನ್ನೊಂದು ಸಂಗತಿ ಮುಖ್ಯ. ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ 2020ರ ಜನವರಿ 1ರಂದು ಜೋಡಣೆಯಾದ 12 ರಾಜ್ಯಗಳ ಪೈಕಿ ಕರ್ನಾಟಕವೂ ಇತ್ತು, ಗೋವಾವೂ ಇತ್ತು. ಅಂದರೆ ಚೆಕ್‌ಪೋಸ್ಟಿನ ಆಚೆ ಸಿಲುಕಿಕೊಂಡವರು ಜೋಯಿಡಾದ ಕಾರ್ಡಿನ ಮೇಲೆ ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ತಮ್ಮ ಪಾಲು ಕೇಳಬಹುದಿತ್ತು, ಈಚೆ ಉಳಿದ ಹೆಂಡತಿ–ಮಕ್ಕಳು ಉಳಿದ ಪಾಲನ್ನು ಇಲ್ಲಿ ಪಡೆಯಬಹುದಿತ್ತು. ಕಾರ್ಡಿನಲ್ಲಿ ಎಲ್ಲರ ಹೆಸರಿರಬೇಕು, ಎಲ್ಲರ ಆಧಾರ್ ಜೋಡಣೆಯಾಗಿರಬೇಕು, ಅಷ್ಟೇ. ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿದ್ದರೆ, ಹುಟ್ಟಿದ ಮಗುವಿನ ಹೆಸರು ಸೇರದಿದ್ದರೆ, ಆ ಕೆಲಸ ಈಗಲೇ ಆಗಲಿ.

ಹಣ ಮಂಜೂರಾಗಿಯೂ ಕೈಗೆ ಬಾರದ ಮನೆಗಳೂ ಇವೆ. ನೇರ ವರ್ಗಾವಣೆಯ ಹಣ ಹಲವು ಯೋಜನೆಗಳಲ್ಲಿ ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ನಿಮ್ಮ ತಾಲ್ಲೂಕಿನ ರಾಮನಗರದಲ್ಲಿ ಒಂದು, ಗೋವಾದಲ್ಲಿ ಒಂದು ಖಾತೆ ತೆರೆದವರು ತಮ್ಮ ಹಣ ಯಾವುದಕ್ಕೆ ಬರುತ್ತದೆಂದು ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ ಅಥವಾ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಗಿರುವ ನಿಮ್ಮ ಭಾಗದಲ್ಲಿ ಒಂದೇ ಹೆಸರು ಮೂರು ಬಗೆಯಾಗಿ ಬರೆದು ಹೋಗಿರುತ್ತದೆ. ಬ್ಯಾಂಕಿಗೆ ಹೋಗಲು ಬಸ್ಸಿಲ್ಲದ ದಿನಗಳಲ್ಲಿ ಅಂಚೆಯವರು ಬೆರಳಚ್ಚು ಪಡೆದು ಮನೆ ಬಾಗಿಲಲ್ಲೇ ಹಣ ಕೊಟ್ಟರು. ಕಾಡಿನ ಊರಿಗೆ ಅಂಚೆ ಕಚೇರಿಯಷ್ಟು ಹತ್ತಿರದ ಬ್ಯಾಂಕ್ ಇನ್ನೊಂದಿಲ್ಲ.

ಕೆಲಸ ಕಳೆದುಕೊಂಡು ಊರಿಗೆ ಮರಳಿದವರಿಗೆ ಆಗ ಇದ್ದ ದೊಡ್ಡ ಆಸರೆ ಉದ್ಯೋಗ ಖಾತ್ರಿ. 2020–21ರಲ್ಲಿ ಕರ್ನಾಟಕದ ದಿನಗೂಲಿ 275 ರೂಪಾಯಿ. ಹೊಲದ ಬದು, ಕೃಷಿ ಹೊಂಡ, ಕೆರೆ ಹೂಳು ಹೀಗೆ ಊರಲ್ಲೇ ಕೆಲಸ. ಆದರೆ ಬಾಯಿ ಮಾತಿನಲ್ಲಿ ಕೇಳಿದವರು ಕಾಯುತ್ತಲೇ ಉಳಿದರು. ನಮೂನೆ 6ರಲ್ಲಿ ಅರ್ಜಿ ಬರೆದು ದಿನಾಂಕ ಹಾಕಿದ ರಸೀದಿ ಪಡೆದವರಿಗೆ 15 ದಿನದೊಳಗೆ ಕೆಲಸ ಅಥವಾ ನಿರುದ್ಯೋಗ ಭತ್ಯೆ ಎಂಬ ಹಕ್ಕು ಹುಟ್ಟುತ್ತಿತ್ತು. ಯೋಜನೆಯ ಹೆಸರು, ನಿಯಮ ಬದಲಾಗಬಹುದು. ಅರ್ಜಿ ಕೊಟ್ಟರೆ ರಸೀದಿ ಕೇಳುವ ಅಭ್ಯಾಸ ಮಾತ್ರ ಬಿಡಬೇಡಿ. ಮುಂದೆ ಊರಲ್ಲೇ ಒಂದು ಕಸುಬು ಹಿಡಿಯುವ ಮನಸ್ಸಿದ್ದವರಿಗೆ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಅಲ್ಲಿ ಸ್ವ–ಉದ್ಯೋಗ ತರಬೇತಿ ಉಚಿತ.

ಮನೆಯವರನ್ನೇ ಕಳೆದುಕೊಂಡ ಕುಟುಂಬಗಳ ಮಾತು ಬೇರೆ. ಮೊದಲ ವರ್ಷ ಅವರಿಗೆ ಕೇಂದ್ರದಿಂದ ನಿಗದಿತ ಪರಿಹಾರವೇ ಇರಲಿಲ್ಲ. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್, 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮನ್ನು ಎತ್ತಿಹಿಡಿದು, ಸತ್ತವರ ಕುಟುಂಬಕ್ಕೆ ಪರಿಹಾರ ನಿಗದಿ ಮಾಡುವುದು ಸರ್ಕಾರದ ಕರ್ತವ್ಯ, ಅದು ಇಚ್ಛೆಗೆ ಬಿಟ್ಟ ವಿಷಯವಲ್ಲ ಎಂದಿತು. ಅದರ ಫಲವೇ 50 ಸಾವಿರ ರೂಪಾಯಿ. ಬಿಪಿಎಲ್ ಕುಟುಂಬಗಳಿಗೆ ಕರ್ನಾಟಕ ಇನ್ನೊಂದು ಲಕ್ಷ ಸೇರಿಸಿತು. ಪರೀಕ್ಷೆಯಲ್ಲಿ ಸೋಂಕು ಕಂಡ 30 ದಿನದೊಳಗೆ ಸತ್ತರೆ, ಸಾವು ಮನೆಯಲ್ಲೇ ಆಗಿದ್ದರೂ ಅದು ಕೋವಿಡ್ ಸಾವು. ಮರಣ ಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿರಲಿಲ್ಲ, ಜಿಲ್ಲಾ ಸಮಿತಿಗೆ ದೂರು ಕೊಡಬಹುದಿತ್ತು. ತಂದೆ–ತಾಯಿ ಇಬ್ಬರೂ ಇಲ್ಲವಾದ ಮಕ್ಕಳಿಗೆ ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500, ಕೇಂದ್ರದ ಪಿಎಂ ಕೇರ್ಸ್ ಮಕ್ಕಳ ಯೋಜನೆಯಲ್ಲಿ 23 ತುಂಬಿದಾಗ 10 ಲಕ್ಷ ರೂಪಾಯಿ ಎಂದಾಯಿತು. ಪರಿಹಾರದ ಅರ್ಜಿಗಳ ಗಡುವು ಈಗ ಮುಗಿದಿದೆ. ಆದರೆ ಪರೀಕ್ಷೆಯ ವರದಿ, ಆಸ್ಪತ್ರೆಯ ಚೀಟಿ, ಮರಣ ಪತ್ರ ಮೂರನ್ನೂ ಜೋಪಾನ ಮಾಡಿದವರಿಗೆ ದಾರಿ ಸುಲಭವಾಯಿತು ಎಂಬ ಪಾಠ ಉಳಿದಿದೆ. ದುಃಖದ ಹೊತ್ತಿನಲ್ಲಿ ಕಾಗದದ ಕಡೆ ಯಾರ ಗಮನವೂ ಹೋಗುವುದಿಲ್ಲ, ಅದಕ್ಕೇ ನೆರೆಯವರೊಬ್ಬರು ಆ ಹೊಣೆ ಹೊರಬೇಕು.

ಸಾಲದ ವಿಷಯದಲ್ಲಿ ಎಚ್ಚರ ಬೇಕು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಮುಂದೂಡಿಕೆ ಎಂದರೆ ಮನ್ನಾ ಅಲ್ಲ, ಆ ತಿಂಗಳುಗಳ ಬಡ್ಡಿ ಬೆಳೆಯುತ್ತಲೇ ಇತ್ತು. ಕಟ್ಟುವ ಶಕ್ತಿ ಇದ್ದವರು ಕಟ್ಟುವುದೇ ಲೇಸು, ಇಲ್ಲದವರು ಮಾತ್ರ ಮುಂದೂಡಬೇಕು. ಕಿರುಸಾಲದ ಕಂಪನಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2022ರ ನಿಯಮವೂ ನಿಮಗೆ ಗೊತ್ತಿರಲಿ.

ಈಗ ಸಮುದಾಯದ ಮಾತು. ಪಟ್ಟಿಗಳು ಹೇಗೆ ಮನೆ ಮನೆಯನ್ನು ಬೇರೆ ಮಾಡುತ್ತವೆ ಎಂಬುದಕ್ಕೆ ನಿಮ್ಮ ಗಡಿಗಿಂತ ಸ್ಪಷ್ಟ ಉದಾಹರಣೆ ಬೇಡ. 2003ರ ಜನವರಿಯಲ್ಲಿ ಜಾರಿಗೆ ಬಂದ ಒಂದೇ ತಿದ್ದುಪಡಿ ಕಾಯ್ದೆ ಗೋವಾದ ಕುಣಬಿ, ಗಾವಡಾ, ವೇಳಿಪರನ್ನೂ ಉತ್ತರ ಕನ್ನಡದ ಸಿದ್ದಿಗಳನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಜೋಯಿಡಾದ ಕುಣಬಿಗಳು ಹೊರಗೇ ಉಳಿದರು. ಹೀಗಾಗಿ ಹಳಿಯಾಳ, ಮುಂಡಗೋಡದ ಸಿದ್ದಿ ಮನೆಗಳಿಗೆ ಪೌಷ್ಟಿಕ ಆಹಾರದ ಸಾಮಾನು ಬರುತ್ತದೆ. ಅದೇ ಕಾಡು, ಅದೇ ಮಳೆ, ಅದೇ ಬಡತನದ ಕುಣಬಿ ಮನೆಗೆ ಬರುವುದಿಲ್ಲ. ತಮ್ಮನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಕುಣಬಿಗಳ ಬಹುಕಾಲದ ಬೇಡಿಕೆ ನ್ಯಾಯವಾದದ್ದು ಎಂದೇ ನಾನು ನಂಬುತ್ತೇನೆ. ಅದು ಈಡೇರುವವರೆಗೆ, ಮತ್ತು ಈಡೇರಿದ ಮೇಲೂ, ಯಾವ ಪಟ್ಟಿಗೂ ಸಿಗದ ಮನೆಗಳನ್ನು ಊರೇ ಕಾಣಬೇಕು.

ಊರಿಗೆ ಆ ಶಕ್ತಿ ಇದೆ. ಗದ್ದೆ ನೆಡುವಾಗ ಮುಯ್ಯಾಳು ಮಾಡುವವರಿಗೆ, ಮುಡ್ಲಿ ಗಡ್ಡೆಯನ್ನು ನೆಂಟರ ಮನೆಗೆ ಹೊತ್ತು ಕೊಡುವವರಿಗೆ ಹಂಚಿಕೊಂಡು ಬದುಕುವುದನ್ನು ಯಾರೂ ಕಲಿಸಬೇಕಿಲ್ಲ. ಕೊರೊನಾ ಕಾಲದಲ್ಲಿ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಕಾರ್ಯಪಡೆ ಇತ್ತು. ಆಶಾ ಕಾರ್ಯಕರ್ತೆಯರು ಜ್ವರ ಕೇಳುತ್ತ ಮನೆ ಮನೆ ತಿರುಗಿದರು. ಆ ತಿರುಗಾಟದಲ್ಲೇ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರೆ ಚೆನ್ನಾಗಿತ್ತು: ಒಲೆ ಉರಿಯುತ್ತಿದೆಯೇ? ಗೌಳಿವಾಡಾದ ಒಂಟಿ ಮುದುಕಿ, ಹೊರ ರಾಜ್ಯದಿಂದ ಬಂದ ಕೂಲಿಯವರು, ಕಾರ್ಡಿಲ್ಲದ ಮನೆ ಇಂಥವರ ಪಟ್ಟಿಯನ್ನು ಸ್ತ್ರೀಶಕ್ತಿ ಸಂಘ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಕಿಟ್ ಹಂಚಲು ಬರುವ ಟ್ರಸ್ಟಿನವರು, ರಾಜಕಾರಣಿಗಳು ರಸ್ತೆ ಬದಿಯ ಮನೆಗಳಿಗೇ ಮೂರು ಸಲ ಕೊಟ್ಟು ಹಿಂದಿರುಗುವುದು ತಪ್ಪುತ್ತದೆ.

ಹಾಗಾದರೆ ಮೊದಲು ಎಲ್ಲಿಗೆ? ಹಸಿವಿಗೆ ನ್ಯಾಯಬೆಲೆ ಅಂಗಡಿ. ಅಲ್ಲಿ ಇಲ್ಲವೆಂದರೆ ಆಹಾರ ಇಲಾಖೆಯ 1967. ಕೂಲಿಗೆ ಗ್ರಾಮ ಪಂಚಾಯತಿ. ಕಾರ್ಮಿಕರ ನೆರವಿಗೆ 155214. ಜ್ವರಕ್ಕೆ ಆಶಾ, ಆಂಬುಲೆನ್ಸಿಗೆ 108. ಮಕ್ಕಳಿಗೆ 1098. ವಿಪತ್ತಿನ ಹೊತ್ತಿನಲ್ಲಿ ಕಾರವಾರದ ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಹಕ್ಕು ನಿರಾಕರಿಸಿದರೆ ಕಾನೂನು ಸೇವಾ ಪ್ರಾಧಿಕಾರದ 15100, ಅಲ್ಲಿ ಬಡವರಿಗೆ ವಕೀಲರ ನೆರವು ಉಚಿತ.

ಇವೆಲ್ಲ ಕಷ್ಟ ಬಂದಾಗಿನ ಮಾತು. ಬೆಂಕಿ ಬಿದ್ದಾಗ ಬಾವಿ ತೋಡುವಂತೆ ಆಗಬಾರದೆಂದರೆ ಮೂರು ಕೆಲಸ ಈ ತಿಂಗಳೇ ಮಾಡಿ. ಮೊದಲನೆಯದು, ನಿಮ್ಮ ಹೆಸರಿನಲ್ಲೊಂದು ಖಾತೆ, ಅದಕ್ಕೆ ಆಧಾರ್ ಜೋಡಣೆ. ಎರಡನೆಯದು, ನಿಮ್ಮ ಮನೆಯವರಿಗೆ ಅಸಂಘಟಿತ ಕಾರ್ಮಿಕರ ಇ–ಶ್ರಮ ನೋಂದಣಿ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಇದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡೂ. ಮೂರನೆಯದು, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಯಾವ ಪಟ್ಟಿಯಲ್ಲೂ ಇಲ್ಲದ ಮನೆಗಳನ್ನು ಹೆಸರಿಸಿ ಠರಾವಿನಲ್ಲಿ ಬರೆಸಿ. ‘ನಮಗೆ ಯಾಕೆ ಬರಲಿಲ್ಲ’ ಎಂದು ನನ್ನನ್ನು ಕೇಳಿದಿರಿ. ಅದೇ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.