ಬರೋಕ್ ಆಭರಣ ವಿನ್ಯಾಸದ ಮುದ್ರಣಗಳು: ಸಂಕೇತಾರ್ಥದ ಕೆಲವು ಪ್ರಶ್ನೆಗಳು

ಹದಿನೇಳನೆಯ ಶತಮಾನದ ಯುರೋಪಿನ ಒಡವೆಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಮಾದರಿ ಹಳತಾದೊಡನೆ ಚಿನ್ನವನ್ನು ಕರಗಿಸಿ, ಹರಳುಗಳನ್ನು ಹೊಸ ಕಟ್ಟಿಗೆ ಕೂರಿಸುವುದು ಅಂದಿನ ರೂಢಿಯಾಗಿತ್ತು. ಅವುಗಳ ವಿನ್ಯಾಸಗಳನ್ನು ತಾಮ್ರದ ಫಲಕದಲ್ಲಿ ಕೊರೆದು ಅಚ್ಚೊತ್ತಿದ ಹಾಳೆಗಳು ಮಾತ್ರ ಸಾಕಷ್ಟು ಉಳಿದಿವೆ. ಹೀಗಾಗಿ ಈ ಮುದ್ರಣಗಳನ್ನು ಕಳೆದುಹೋದ ಒಡವೆಗಳ ಪ್ರತಿಬಿಂಬವೆಂದೇ ಓದುವ ಪ್ರವೃತ್ತಿ ಸಹಜವಾಗಿ ಬೆಳೆಯುತ್ತದೆ. ಆದರೆ ಹಾಳೆಯಲ್ಲಿರುವುದೆಲ್ಲ ಲೋಹದಲ್ಲಿ ಮೂಡಿತ್ತೆಂದು ಹೇಳಲಾಗದು. ಮುದ್ರಣವು ಕಮ್ಮಟಕ್ಕೆ ಮಾದರಿಯೂ ಹೌದು, ಕೊರೆದವನ ಕೌಶಲದ ಜಾಹೀರಾತೂ ಹೌದು. ಸಂಕೇತಾರ್ಥದ ಚರ್ಚೆ ಈ ಎಚ್ಚರದಿಂದಲೇ ಆರಂಭವಾಗಬೇಕು.

ಫ್ರಾನ್ಸಿನ ಜಾನ್ ಟೂತ್ಯಾಂ 1619ರಲ್ಲಿ ಹೊರತಂದ ಹಾಳೆಗಳಲ್ಲೊಂದು ಕುಲುಮೆಯ ಬಳಿ ಎನಾಮಲ್ ಕೆಲಸ ಮಾಡುವವನನ್ನೇ ಚಿತ್ರಿಸುತ್ತದೆ. ವಿನ್ಯಾಸದೊಂದಿಗೆ ದುಡಿಮೆಯೂ ಚಿತ್ರದ ವಸ್ತುವಾಗುವುದು ಗಮನಾರ್ಹ. ಆ ಶತಮಾನದ ಮೊದಲರ್ಧದಲ್ಲಿ ಪ್ರಚಲಿತವಿದ್ದ ಬಟಾಣಿಕಾಯಿ ಶೈಲಿಯ ಹಾಳೆಗಳಲ್ಲಿ ಬಿರಿದ ಕಾಯಿಗಳೂ ಎಲೆಗಳೂ ಹೂಗೊಂಚಲಿನಂತೆ ಹರಡಿಕೊಳ್ಳುತ್ತವೆ. ಇದನ್ನು ಫಲವಂತಿಕೆಯ ಸಂಕೇತವೆನ್ನುವುದು ಸುಲಭ. ಆದರೆ ಕಾಯಿಯೊಳಗಿನ ಕಾಳುಗಳ ಸಾಲು ಹರಳುಗಳ ಸಾಲಿಗೂ ಒಪ್ಪುತ್ತದೆಂಬುದನ್ನು ಮರೆಯಬಾರದು. ಇಲ್ಲಿ ಅರ್ಥಕ್ಕಿಂತ ಕಸುಬಿನ ಅನುಕೂಲವೇ ಪ್ರಧಾನವಾಗಿರಬಹುದು. ಪ್ರತಿ ಎಲೆಗೂ ಒಂದು ಸಂಕೇತವನ್ನು ಹೊರಿಸುವುದು ವಿಮರ್ಶೆಯ ಅತ್ಯುತ್ಸಾಹವಷ್ಟೇ.

ಪ್ಯಾರಿಸ್ಸಿನ ಅಕ್ಕಸಾಲಿ ಜಿಲ್ ಲೆಗಾರೆ 1663ರಲ್ಲಿ ಪ್ರಕಟಿಸಿದ ವಿನ್ಯಾಸಗಳ ಪುಸ್ತಕದಲ್ಲಿ ಸ್ಥಿತಿ ಬೇರೆ. ಅಲ್ಲಿ ತಲೆಬುರುಡೆಯನ್ನು ಕೊರೆದ ಉಂಗುರಗಳಿವೆ. ಅದೇ ಪುಸ್ತಕದಲ್ಲಿ ರಿಬ್ಬನ್ ಗಂಟಿನ ಆಕಾರದ ಒಡವೆಗಳೂ ಮುದ್ರೆಗಳೂ ಇವೆ. ಬುರುಡೆಯ ಅರ್ಥದಲ್ಲಿ ಸಂದಿಗ್ಧವಿಲ್ಲ. ಮರಣವನ್ನು ನೆನೆಯಬೇಕೆಂಬುದು ಕ್ರೈಸ್ತ ಯುರೋಪಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ಉಪದೇಶ. ಇಂಗ್ಲೆಂಡಿನಲ್ಲಿ 1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾದ ಬಳಿಕ ಅವನ ಬೆಂಬಲಿಗರು ಸ್ಮರಣೆಯ ಉಂಗುರಗಳನ್ನು ಧರಿಸಿದಾಗ ಇಂತಹ ಒಡವೆಗೆ ರಾಜಕೀಯ ನಿಷ್ಠೆಯ ಅರ್ಥವೂ ಸೇರಿತು.

ರಿಬ್ಬನ್ ಗಂಟಿನ ಕಥೆ ಇನ್ನೂ ಕುತೂಹಲಕರ. ಒಡವೆಯನ್ನು ಉಡುಪಿಗೆ ಬಿಗಿಯುತ್ತಿದ್ದ ಬಟ್ಟೆಯ ಪಟ್ಟಿಯೇ ಚಿನ್ನ ಹಾಗೂ ಹರಳುಗಳಲ್ಲಿ ಒಡವೆಯಾಗಿ ಮೂಡಿತು. ಗಂಟನ್ನು ಪ್ರೇಮಬಂಧದ ಚಿಹ್ನೆಯೆಂದು ಓದುವವರು ಈ ಹುಟ್ಟನ್ನು ಕಡೆಗಣಿಸುತ್ತಾರೆ. ಈ ಮಾದರಿಗೆ ಸೆವಿನ್ಯೆ ಎಂಬ ಹೆಸರು ಬಂದದ್ದು ಪತ್ರಲೇಖಕಿ ಮದಾಂ ದ ಸೆವಿನ್ಯೆಯವರಿಂದ (1626–1696), ಅದೂ ಬಹಳ ತಡವಾಗಿ. ಲೆಗಾರೆಯ ಪುಸ್ತಕವನ್ನು ತೆರೆದ ಗಿರಾಕಿಗೆ ಬುರುಡೆಯೂ ಗಂಟೂ ಒಂದೇ ಹೊತ್ತಗೆಯಲ್ಲಿ ದೊರೆಯುತ್ತಿದ್ದವು. ಅವನು ಯಾವುದನ್ನು ಆರಿಸಿದನೆಂಬುದನ್ನು ಹಾಳೆ ಹೇಳುವುದಿಲ್ಲ.