ಹುಲ್ಲು ಮತ್ತು ಹುಲ್ಲಿನಂಥ ಸಸ್ಯಗಳು: ಗುರುತಿಸುವ ಕ್ರಮ ಹಾಗೂ ನೆಲೆಗಳು

(ಗ್ರಾಮ ಪಂಚಾಯಿತಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಸದಸ್ಯರ ಅಧ್ಯಯನಕ್ಕಾಗಿ)

ಜೀವವೈವಿಧ್ಯ ಅಧಿನಿಯಮ, 2002 ಹಾಗೂ ಅದರಡಿಯ ನಿಯಮಗಳ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸತಕ್ಕದ್ದು. ಈ ದಾಖಲಾತಿಯಲ್ಲಿ ಮರಗಳಿಗೂ ಔಷಧಿ ಸಸ್ಯಗಳಿಗೂ ಸಲ್ಲುವ ಸ್ಥಾನ ಹುಲ್ಲುಗಳಿಗೂ ಸಲ್ಲಬೇಕು. ಅದಕ್ಕೆ ಅವುಗಳನ್ನು ಗುರುತಿಸುವ ಬಗೆ ತಿಳಿದಿರುವುದು ಅವಶ್ಯಕ.

1. ಗುರುತಿಸುವ ಕ್ರಮ

ಹುಲ್ಲಿನ ಕುಟುಂಬದಲ್ಲಿ ಜಗತ್ತಿನಾದ್ಯಂತ 11,000ಕ್ಕೂ ಹೆಚ್ಚು ಪ್ರಭೇದಗಳಿವೆ. ಗರಿಕೆ, ಲಾವಂಚ, ಭತ್ತ, ಕಬ್ಬು, ಬಿದಿರು ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ಕಾಂಡವು ದುಂಡಗಿದ್ದು ಗಿಣ್ಣುಗಳಿಂದ ಕೂಡಿರುತ್ತದೆ. ಗಿಣ್ಣುಗಳ ನಡುವಿನ ಭಾಗ ಸಾಮಾನ್ಯವಾಗಿ ಟೊಳ್ಳು. ಎಲೆಗಳು ಎರಡು ಸಾಲಿನಲ್ಲಿರುತ್ತವೆ.

ಜೇಕಿನ ಕುಟುಂಬದ ಸಸ್ಯಗಳು ನೋಟಕ್ಕೆ ಹುಲ್ಲಿನಂತಿದ್ದರೂ ಬೇರೆಯೇ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಸಾಮಾನ್ಯವಾಗಿ ಮೂರು ಅಂಚುಗಳು ಕೈಗೆ ತಾಗುತ್ತವೆ. ಒಳಗೆ ಟೊಳ್ಳಿಲ್ಲ, ಗಿಣ್ಣು ಕಾಣುವುದಿಲ್ಲ. ಎಲೆಗಳು ಮೂರು ಸಾಲಿನಲ್ಲಿರುತ್ತವೆ. ಕೊನ್ನಾರಿ ಗಡ್ಡೆಯು ಇದಕ್ಕೆ ಪರಿಚಿತ ನಿದರ್ಶನ. ಕೆರೆಯಂಚಿನಲ್ಲಿ ಕಂದು ಬಣ್ಣದ ಕೊಳವೆಯಂಥ ತೆನೆ ಬಿಡುವ ಆಪು, ಮಳೆಗಾಲದಲ್ಲಿ ಜಿನುಗುವ ಬಂಡೆಗಳ ಮೇಲೆ ಬಿಳಿಯ ಗುಂಡಿಯಂಥ ಹೂ ಬಿಡುವ ಎರಿಯೊಕಾಲನ್ ಇವೂ ಹುಲ್ಲಿನಂತೆ ತೋರುವ ಅನ್ಯ ಕುಟುಂಬಗಳ ಸಸ್ಯಗಳು.

2. ನೆಲೆಗಳು

ಗಿರಿಶಿಖರಗಳು: ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಬಲ್ಲಾಳರಾಯನ ದುರ್ಗ, ಕುದುರೆಮುಖ ಶ್ರೇಣಿಗಳಲ್ಲಿ ಬೆಟ್ಟದ ಮೈಯೆಲ್ಲ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಶೋಲಾ ಕಾಡು. ಇಲ್ಲಿ ಥೆಮೆಡಾ, ಅರುಂಡಿನೆಲ್ಲಾ ಮೊದಲಾದ ಕುಲಗಳ ಹುಲ್ಲುಗಳು ಬೆಳೆಯುತ್ತವೆ. ಇವುಗಳ ಬೆಳವಣಿಗೆಯ ಮೊಗ್ಗು ನೆಲಮಟ್ಟದಲ್ಲಿರುವುದರಿಂದ ಗಾಳಿ, ಮೇವು, ಬೆಂಕಿಗಳನ್ನು ತಾಳಿ ಮತ್ತೆ ಚಿಗುರಬಲ್ಲವು.

ಕಾಫಿ ತೋಟಗಳು: ಇಳಿಜಾರಿನ ತೋಟದಲ್ಲಿ ಮಳೆಗಾಲದಲ್ಲಿ ಕಳೆಯನ್ನು ಬೇರುಸಹಿತ ಅಗೆದು ತೆಗೆದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಕತ್ತಿಯಿಂದ ಸವರಿ ಬೇರನ್ನು ನೆಲದಲ್ಲೇ ಉಳಿಸುವುದು ಉತ್ತಮ. ಬದುಗಳ ಮೇಲೆ ಲಾವಂಚವನ್ನು ಸಾಲಾಗಿ ನೆಟ್ಟರೆ ಅದರ ಆಳವಾದ ಬೇರು ಮಣ್ಣನ್ನು ಹಿಡಿದಿಡುತ್ತದೆ.

ಗದ್ದೆ ಮತ್ತು ಜೌಗು: ಇಲ್ಲಿ ಜೇಕಿನ ಜಾತಿಗಳು ಹೆಚ್ಚು. ಹುಲ್ಲಿಗೆಂದೇ ತಯಾರಿಸಿದ ಕಳೆನಾಶಕವು ಜೇಕನ್ನು ನಿಯಂತ್ರಿಸುವುದಿಲ್ಲ. ಗುರುತಿಸದೆ ಸಿಂಪಡಿಸಿದರೆ ಹಣವೂ ವ್ಯರ್ಥ, ನೀರೂ ಮಲಿನ. ಕೊನ್ನಾರಿಯನ್ನು ಅಗೆದಾಗ ಗಡ್ಡೆಗಳು ತುಂಡಾಗಿ ಹರಡುವುದರಿಂದ, ಅವನ್ನು ಆಯ್ದು ಹೊರಹಾಕಬೇಕು.

3. ಸಮಿತಿಗಳು ಗಮನಿಸಬೇಕಾದ ವಿಷಯ

ಮರವಿಲ್ಲದ ಗುಡ್ಡವು ಪಾಳುಭೂಮಿಯೆಂಬ ಭಾವನೆ ಸರಿಯಲ್ಲ. ಭದ್ರೆಯು ಗಂಗಾಮೂಲದಲ್ಲಿಯೂ, ಹೇಮಾವತಿಯು ಬಲ್ಲಾಳರಾಯನ ದುರ್ಗದ ಸೆರಗಿನ ಜಾವಳಿಯ ಬಳಿಯೂ ಹುಟ್ಟುತ್ತವೆ. ಮಳೆಯ ಹೊಡೆತವನ್ನು ತಡೆದು, ನೀರನ್ನು ನೆಲಕ್ಕಿಳಿಸಿ, ಹಳ್ಳಗಳಿಗೆ ನಿಧಾನವಾಗಿ ಬಿಡುವುದು ಈ ಸೀಮೆಯ ಶೋಲಾ ಮತ್ತು ಹುಲ್ಲುಗಾವಲುಗಳು. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಹುಲ್ಲುಗಾವಲಿನ ಮೇಲೆ ನೀಲಗಿರಿ ಮರ ಬೆಳೆಸಿದ ಕಡೆ ಹಳ್ಳದ ಹರಿವು ತಗ್ಗಿದುದು ಅಳತೆಯಿಂದ ಕಂಡುಬಂದಿದೆ. ಆದಕಾರಣ ವನಮಹೋತ್ಸವದ ಸಸಿಗಳನ್ನು ರಸ್ತೆಬದಿ, ಶಾಲಾ ಆವರಣ, ಕಡಿದು ಬರಿದಾದ ಕಾಡುನೆಲಗಳಲ್ಲಿ ನೆಡುವುದು ಯುಕ್ತ. ಸಹಜ ಹುಲ್ಲುಗಾವಲನ್ನು ಅಗೆದು ಅಕೇಶಿಯಾ ನೆಡುವುದಾಗಲಿ, ಅದರ ಮೇಲೆ ವಾಹನ ಓಡಿಸುವುದಾಗಲಿ ಕೂಡದು.

4. ಅಭ್ಯಾಸ

ಮಳೆಗಾಲ ಮುಗಿದು ತೆನೆ ಬಿಡುವ ವೇಳೆಯಲ್ಲಿ ತಮ್ಮ ವ್ಯಾಪ್ತಿಯ ಗುಡ್ಡ, ತೋಟ, ಗದ್ದೆ ಈ ಮೂರು ನೆಲೆಗಳಿಂದ ತಲಾ ಐದು ಗಿಡಗಳನ್ನು ಪರೀಕ್ಷಿಸಿ. ಕಾಂಡದ ಆಕಾರ, ಗಿಣ್ಣು, ಎಲೆಯ ಸಾಲು, ಸ್ಥಳೀಯ ಹೆಸರು ಹಾಗೂ ಉಪಯೋಗವನ್ನು ಬರೆದಿಡಿ. ಹಸು ಮೇಯಿಸುವವರನ್ನೂ ತೋಟದ ಕೆಲಸಗಾರರನ್ನೂ ಕೇಳಿ ತಿಳಿದ ಹೆಸರುಗಳನ್ನು ದಾಖಲಾತಿಯಲ್ಲಿ ತಪ್ಪದೆ ಸೇರಿಸುವುದು.